ಬಿಡ್ತು ಅನ್ನಿ

ಉಯಿಲಿನ ಮಾತೆತ್ತಿದೊಡನೆ ಸಂಸಾರವಂತರ ಮನೆಯಲ್ಲಿ ಮೊದಲು ಕೇಳಿಬರುವ ಉತ್ತರ ‘ಬಿಡ್ತು ಅನ್ನಿ’ ಎಂಬುದು. ಮಗಳ ಮದುವೆಗೆ ಹತ್ತು ವರ್ಷ ಮುಂಚಿನಿಂದಲೇ ಚಿನ್ನ ಕೂಡಿಡುವ ಗೃಹಿಣಿ, ಮಳೆಗಾಲಕ್ಕೆ ಮೊದಲೇ ಹೆಂಚು ಕೈಯಾಡಿಸುವ ಯಜಮಾನ, ಇಬ್ಬರೂ ಈ ಒಂದು ವಿಷಯದಲ್ಲಿ ಮಾತ್ರ ನಾಳೆ ನೋಡೋಣ ಎನ್ನುವವರೇ. ತಪ್ಪು ಹೆಸರಿನದೂ ಇರಬಹುದು. ಇಂಗ್ಲಿಷಿನ ‘ವಿಲ್’ ಕನ್ನಡದ ನಾಲಗೆಯ ಮೇಲೆ ಉಯಿಲಾಗಿ ಮೃದುವಾಯಿತಾದರೂ ಅದಕ್ಕಿರುವ ಇನ್ನೊಂದು ಹೆಸರು ಮರಣಶಾಸನ! ದೀಪ ಹಚ್ಚುವ ಹೊತ್ತಿನಲ್ಲಿ ಈ ಪದವನ್ನು ಉಚ್ಚರಿಸಿದವನಿಗೆ ಆ ಮನೆಯಲ್ಲಿ ಕಾಫಿ ಹುಟ್ಟೀತೆ?

ದೊಡ್ಡಬಳ್ಳಾಪುರದಲ್ಲಿ, ಹಗಲೆಲ್ಲ ಮಗ್ಗಗಳ ಸದ್ದು ಕೇಳುವ ಬೀದಿಯೊಂದರಲ್ಲಿ ವಾಸಿಸುವ ನಿವೃತ್ತ ಮೇಷ್ಟರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಅಂಥವರು ಆ ಸೀಮೆಯಲ್ಲಿ ಬೀದಿಗೊಬ್ಬರು ಸಿಕ್ಕಾರು. ಸ್ವಂತ ಸಂಪಾದನೆಯಿಂದ ಕಟ್ಟಿಸಿದ ಮನೆ. ದೇವನಹಳ್ಳಿಯ ಕಡೆ ಹಿರಿಯರಿಂದ ಬಂದ ಎರಡು ಎಕರೆ ಹೊಲ. ಬ್ಯಾಂಕಿನಲ್ಲಿ ಅಷ್ಟಿಷ್ಟು ಠೇವಣಿ. ಹಿರಿಯ ಮಗ ಹೊರದೇಶದಲ್ಲಿ, ಕಿರಿಯವನು ಬೆಂಗಳೂರಿನಲ್ಲಿ. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಮಗಳು ಮನೆಯಲ್ಲಿ. ಆ ಹೊಲದಲ್ಲಿ ಬರಿಯ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಅಣ್ಣತಮ್ಮಂದಿರು ‘ನೀನೇ ಇಟ್ಟುಕೋ’ ಎಂದು ಒಬ್ಬರಿಗೊಬ್ಬರು ಉಪಚಾರ ಹೇಳುತ್ತಿದ್ದರು. ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಭೂಮಿಯ ಬೆಲೆ ಏರಿದ ಹಾಗೆಲ್ಲ ಉಪಚಾರ ಇಳಿಯಿತು.

ಒಂದು ಸಂಜೆ ಮೇಷ್ಟರು ಹೆಂಡತಿಯನ್ನು ಕರೆದು, “ನೋಡೇ, ಈ ಮನೆ ನನ್ನ ಕಾಲಾನಂತರ ನಿನಗೆ, ನಿನ್ನ ತರುವಾಯ ಮಗಳಿಗೆ ಎಂದು ಬರೆದಿಡೋಣವೆ?” ಎಂದರು.

“ಬಿಡ್ತು ಅನ್ರೀ! ಗಂಡುಮಕ್ಕಳು ಅಷ್ಟು ಕೆಟ್ಟವರೆ? ನಿಮ್ಮ ಮಾತು ಮೀರಿಯಾರೆ?”

ಕೆಟ್ಟವರಲ್ಲ, ಆದರೆ ಊಟದ ಎಲೆಯ ಮುಂದೆ ಆಡಿದ ಮಾತನ್ನು ಕಾನೂನು ಉಯಿಲೆಂದು ಒಪ್ಪುವುದಿಲ್ಲ. ಮೇಷ್ಟರು ಏನನ್ನೂ ಬರೆಯದೆ ತೀರಿಕೊಂಡರೆ, ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮನೆ ಹೆಂಡತಿಗೂ ಮೂವರು ಮಕ್ಕಳಿಗೂ ಸಮವಾಗಿ ಹೋಗುತ್ತದೆ. ತಲೆಗೊಂದು ಕಾಲು ಪಾಲು. ನ್ಯಾಯವೇ ಸರಿ. ಆದರೆ ಬೇರೆ ನೆಲೆಯಿಲ್ಲದ ಮಗಳಿಗೆ ಕಾಲು ಮನೆಯಲ್ಲಿ ಅಡುಗೆಮನೆ ಬಂದೀತೋ, ಹಜಾರ ಬಂದೀತೋ? ಒಬ್ಬ ಪಾಲುದಾರ ವಿಭಾಗ ಕೇಳಿದರೆ ಮನೆಯನ್ನು ಮಾರಿ ಹಣ ಹಂಚುವುದೇ ಕೊನೆಗೆ ಉಳಿಯುವ ದಾರಿ. ಠೇವಣಿಗೆ ಹಿರಿಯ ಮಗನನ್ನು ನಾಮಿನಿ ಮಾಡಿದ್ದಾಯಿತಲ್ಲ ಎಂಬ ಸಮಾಧಾನವೂ ಅರ್ಧದ್ದೇ. ನಾಮಿನಿ ಹಣವನ್ನು ಪಡೆಯುವವನು, ಒಡೆಯನಲ್ಲ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು ೧೯೮೩ರಲ್ಲಿಯೇ ಹೀಗೆಂದು ಹೇಳಿತು.

ಇಷ್ಟಕ್ಕೂ ಬರೆಯುವುದು ಕಷ್ಟದ ಕೆಲಸವೇನಲ್ಲ. ಛಾಪಾಕಾಗದ ಬೇಡ, ಬಿಳಿಯ ಹಾಳೆ ಸಾಕು. ಅಚ್ಚ ಕನ್ನಡದಲ್ಲಿ ಬರೆಯಬಹುದು. ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕೇಳುವುದು ಇಷ್ಟು: ಬರೆಯುವವರು ಪ್ರಾಪ್ತ ವಯಸ್ಕರಾಗಿ ಸ್ವಸ್ಥಚಿತ್ತರಾಗಿರಬೇಕು, ರುಜುವನ್ನೋ ಹೆಬ್ಬೆಟ್ಟನ್ನೋ ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡು, ಇಲ್ಲವೆ ‘ಇದು ನನ್ನ ರುಜು’ ಎಂದು ಅವರ ಬಾಯಿಂದಲೇ ಕೇಳಿ, ಅವರ ಎದುರಿಗೇ ತಾವೂ ರುಜು ಹಾಕಬೇಕು. ಒಳಗೇನಿದೆ ಎಂಬುದನ್ನು ಸಾಕ್ಷಿಗಳಿಗೆ ಓದಿ ಹೇಳುವ ಅಗತ್ಯವಿಲ್ಲ. ಮೇಷ್ಟರಿಗೆ ಮೊದಲು ನೆನಪಾದದ್ದು ತಮ್ಮ ಓರಗೆಯ ಇಬ್ಬರು ಗೆಳೆಯರು, ಇಬ್ಬರೂ ಎಂಬತ್ತರ ಸಮೀಪದವರು! ಉಯಿಲಿನ ಮೇಲೆ ತಕರಾರು ಬಂದಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ನಿಂತು ನುಡಿಯಬೇಕಾಗುತ್ತದೆ. ಆದುದರಿಂದ ವಯಸ್ಸಿನಲ್ಲಿ ಕಿರಿಯರೂ ಆಸ್ತಿಯಲ್ಲಿ ಪಾಲಿಲ್ಲದವರೂ ಆದರೆ ಲೇಸು.

ನೋಂದಣಿ ಕಡ್ಡಾಯವಲ್ಲ. ಬೇಕೆಂದವರು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಬಹುದು. ಗುಟ್ಟಾಗಿರಲಿ ಎನ್ನುವವರು ಮೊಹರು ಮಾಡಿದ ಲಕೋಟೆಯನ್ನು ಜಿಲ್ಲಾ ನೋಂದಣಾಧಿಕಾರಿಯ ವಶಕ್ಕೆ ಒಪ್ಪಿಸಬಹುದು. ನೋಂದಣಿಯಾದ ಮಾತ್ರಕ್ಕೆ ಸಂಶಯವೆಲ್ಲ ತೊಳೆದುಹೋಯಿತೆಂದು ತಿಳಿಯುವುದು ತಪ್ಪು.

ಸಂಶಯದ ಮಾತು ಬಂದಾಗ ಭಾರತದ ನ್ಯಾಯಾಲಯಗಳೆಲ್ಲ ನೆನೆಯುವುದು ಮೈಸೂರು ಸೀಮೆಯ ಒಂದು ಮೊಕದ್ದಮೆಯನ್ನು ಎಂಬುದು ಇಲ್ಲಿ ಸ್ವಾರಸ್ಯದ ಸಂಗತಿ. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ ಎಂಬ ಆ ವ್ಯಾಜ್ಯದಲ್ಲಿ ಲಕ್ಷ್ಮಮ್ಮ ಎಂಬ ಮಹಿಳೆ ೧೯೪೫ರಲ್ಲಿ ಬರೆದರೆನ್ನಲಾದ ಉಯಿಲಿನ ಪ್ರಶ್ನೆಯಿತ್ತು. ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವ ಕಾರ್ಯದಲ್ಲಿ ಮುಂದಾಗಿ ನಿಂತಿದ್ದರು. ಅವರ ಮಕ್ಕಳಿಗೆ ಅದರಿಂದ ಗಣನೀಯ ಲಾಭವಿತ್ತು. ೧೯೫೮ರ ನವೆಂಬರಿನಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಗಜೇಂದ್ರಗಡಕರರು, ಉಯಿಲು ಬಾಯಿ ತೆರೆಯುವ ಹೊತ್ತಿಗೆ ಅದನ್ನು ಬರೆದವರು ಇರುವುದಿಲ್ಲವಾದ್ದರಿಂದ ಅನುಮಾನಕ್ಕೆ ಎಡೆಕೊಡುವ ಪ್ರತಿಯೊಂದು ಸಂಗತಿಗೂ ಅದನ್ನು ಮುಂದಿಡುವವರೇ ಸಮಾಧಾನ ಹೇಳಬೇಕೆಂದರು. ಆ ಉಯಿಲು ನಿಲ್ಲಲಿಲ್ಲ. ಮಗಳ ಹೆಸರಿಗೆ ಬರೆಯುವ ತಂದೆ ಮಗಳ ಕೈಯಿಂದಲೇ ಬರೆಸಬಾರದೇಕೆ, ವಕೀಲರ ಮನೆಗೆ ಅವಳನ್ನು ಕರೆದೊಯ್ಯಬಾರದೇಕೆ, ಗಂಡುಮಕ್ಕಳಿಗೆ ಕಡಿಮೆ ಕೊಟ್ಟ ಕಾರಣವನ್ನು ಎರಡು ಸಾಲಿನಲ್ಲಾದರೂ ಏಕೆ ಕಾಣಿಸಬೇಕು ಎಂಬುದಕ್ಕೆಲ್ಲ ಉತ್ತರ ಆ ತೀರ್ಪಿನಲ್ಲಿದೆ. ವೈದ್ಯರ ಒಂದು ಪ್ರಮಾಣಪತ್ರ ಜೊತೆಗಿದ್ದರೆ ಇನ್ನೂ ಭದ್ರ.

‘ನಿನಗೆ, ನಿನ್ನ ತರುವಾಯ ಮಗಳಿಗೆ’ ಎಂಬ ಮೇಷ್ಟರ ವಾಕ್ಯವೂ ಕಾಣುವಷ್ಟು ಸರಳವಲ್ಲ. ಹೆಂಡತಿಗೆ ಪೂರ್ಣ ಒಡೆತನವೋ, ಜೀವವಿರುವವರೆಗೆ ಅನುಭವಿಸುವ ಹಕ್ಕು ಮಾತ್ರವೋ? ಪೂರ್ಣವಾಗಿ ಕೊಟ್ಟ ಮೇಲೆ ‘ತರುವಾಯ’ ಎಂಬುದಕ್ಕೆ ಬೆಲೆಯಿಲ್ಲ. ಜೀವನಾಂಶದ ಹಕ್ಕಿಗಾಗಿ ಹೆಂಗಸಿಗೆ ಬಂದ ಆಸ್ತಿ ಸಂಪೂರ್ಣವಾಗಿ ಅವಳದಾಗುವುದೆಂದು ೧೯೭೭ರಲ್ಲಿ ತುಳಸಮ್ಮನವರ ಮೊಕದ್ದಮೆಯಲ್ಲಿ ತೀರ್ಪಾಗಿದೆ. ಈ ಒಂದು ಸಾಲಿಗಾದರೂ ವಕೀಲರಿಗೆ ಶುಲ್ಕ ಕೊಡುವುದು ದಂಡವಲ್ಲ.

ಇನ್ನು ಹೊಲ. ಅದು ತಾತನ ಕಾಲದಿಂದ ಅವಿಭಕ್ತ ಕುಟುಂಬದ ಆಸ್ತಿಯಾಗಿಯೇ ಬಂದಿದ್ದರೆ ಮೇಷ್ಟರು ಬರೆಯಬಹುದಾದದ್ದು ತಮ್ಮ ಪಾಲನ್ನು ಮಾತ್ರ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎರಡು ಎಕರೆಯೂ ತಮ್ಮದೇ ಎಂದುಕೊಳ್ಳುವ ಯಜಮಾನರು ಬಹಳ. ೨೦೦೫ರ ತಿದ್ದುಪಡಿಯಿಂದ ಆ ಆಸ್ತಿಯಲ್ಲಿ ಮಗಳೂ ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು.

ಇದನ್ನೆಲ್ಲ ವಕೀಲರಿಂದ ತಿಳಿದು ಬಂದ ಮೇಷ್ಟರು ಒಂದು ಭಾನುವಾರ ಹಾಳೆ ಹಿಡಿದು ಕುಳಿತರು. ಮನಸ್ಸು ಬದಲಾದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದೆಂದು ಕೇಳಿದ ಮೇಲೆ ಮನೆಯಾಕೆಯ ಮುಖವೂ ತುಸು ತಿಳಿಯಾಗಿತ್ತು. ಆಕೆ ಬಾಗಿಲಲ್ಲಿ ನಿಂತು ಕೇಳಿದರು:

“ನಮ್ಮ ತಾಯಿ ಕೊಟ್ಟ ಅವಲಕ್ಕಿ ಸರ ಮಗಳಿಗೇ ಎಂದು ಅದರಲ್ಲೇ ಸೇರಿಸಿಬಿಡಿ.”

“ಅದನ್ನು ನಾನು ಬರೆಯುವ ಹಾಗಿಲ್ಲವೇ. ಅದು ನಿನ್ನದು, ನೀನೇ ಬರೆಯಬೇಕು.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ, “ಹಾಗಾದರೆ ನನಗೂ ಒಂದು ಹಾಳೆ ಕೊಡಿ” ಎಂದರು.