ಹೊಳೆಯ ಬದಿಯ ಮೂರು ರಾತ್ರಿ

ಐವರ್ನಾಡಿನ ಕಡೆಯ ತೋಟದ ಮನೆಗಳಲ್ಲಿ ಹೊಳೆ ಎಂಬುದು ನೋಡಿ ಆನಂದಿಸುವ ವಸ್ತುವಲ್ಲ. ಮಳೆಗಾಲದಲ್ಲಿ ಅದರ ಸದ್ದು ಮಾತಿಗೆ ಅಡ್ಡ ಬರುತ್ತದೆ. ಬೇಸಗೆಯಲ್ಲಿ ಅದಕ್ಕೆ ಕಟ್ಟ ಹಾಕಿ ಅಡಿಕೆಗೆ ನೀರು ಹಾಯಿಸುತ್ತಾರೆ. ದನ ಮೀಯಿಸುವುದು, ಬಟ್ಟೆ ಒಗೆಯುವುದು, ಮಕ್ಕಳು ಈಜು ಕಲಿಯುವುದು ಎಲ್ಲವೂ ಅಲ್ಲಿಯೇ. ಅಂಥ ಒಂದು ಮನೆಯಲ್ಲಿ ಎಪ್ಪತ್ತು ಮಳೆಗಾಲ ಕಳೆದ ಕೃಷಿಕರೊಬ್ಬರಿಗೆ, ನೀರಿನ ಬದಿಯಲ್ಲಿ ಸುಮ್ಮನೆ ಕುಳಿತಿರುವುದಕ್ಕಾಗಿಯೇ ಜನ ನೂರಾರು ಮೈಲಿ ಪ್ರಯಾಣ ಮಾಡುತ್ತಾರೆಂಬ ಸಂಗತಿ ಅಮೆರಿಕಾಕ್ಕೆ ಹೋಗುವವರೆಗೆ ತಿಳಿದಿರಲಿಲ್ಲ.

ಅಲ್ಲಿ ಇಂಜಿನಿಯರನಾಗಿರುವ ಮಗ ಅವರನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದನು. 1872ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾಗಿದೆ. ಮಗನ ಉದ್ದೇಶ ಕೇವಲ ವಿಹಾರವಾಗಿರಲಿಲ್ಲ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಬರಿದು ಮಾಡಿದ ಹಳದಿ ಎಲೆ ರೋಗ ಇವರ ತೋಟಕ್ಕೂ ತಾಗಿತ್ತು. ಕೆಳಗಿನ ತೋಟದ ಅರ್ಧದಷ್ಟು ಮರಗಳ ತಲೆ ಆಗಲೇ ಬಿದ್ದಿತ್ತು. ಆ ಜಾಗದಲ್ಲಿ ಮನೆಯಂತೆ ಸಜ್ಜುಗೊಳಿಸಿದ ಮೂರು ವಾಹನಗಳನ್ನು ನಿಲ್ಲಿಸಿ, ಬೆಂಗಳೂರು ಮಂಗಳೂರುಗಳಿಂದ ಬರುವವರಿಗೆ ಹೊಳೆಯ ಬದಿಯ ವಸತಿ ಒದಗಿಸಬೇಕೆಂಬುದು ಮಗನ ಯೋಚನೆ. ತಂದೆಯ ಒಪ್ಪಿಗೆ ಬೇಕಾಗಿತ್ತು. ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲೆಂದು ಅವನು ಬಗೆದನು.

ಯೆಲ್ಲೋಸ್ಟೋನ್ ಸರೋವರ ಸಮುದ್ರಮಟ್ಟದಿಂದ ಸುಮಾರು 2,350 ಮೀಟರು ಎತ್ತರದಲ್ಲಿದೆ. ವಿಸ್ತಾರ ಸುಮಾರು 350 ಚದರ ಕಿಲೋಮೀಟರು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟುತ್ತದೆ. ಅದರ ಉತ್ತರ ಭಾಗದಲ್ಲಿ, ನದಿ ಸರೋವರವನ್ನು ಬಿಟ್ಟು ಹೊರಡುವಲ್ಲಿ, ಪೈನ್ ಮರಗಳ ನಡುವೆ ಇಂಥ ವಾಹನಗಳ ತಂಗುದಾಣವಿದೆ. ಬಟ್ಟೆಯ ಗುಡಾರಗಳಿಗೆ ಅಲ್ಲಿ ಅವಕಾಶವಿಲ್ಲ. ಅದು ಕರಡಿಗಳು ಓಡಾಡುವ ಜಾಗ. ಊಟದ ಪಾತ್ರೆಯನ್ನಾಗಲಿ ಒಂದು ತುಂಡು ರೊಟ್ಟಿಯನ್ನಾಗಲಿ ಹೊರಗೆ ಬಿಟ್ಟಿರಕೂಡದು.

ವಾಹನದ ಒಳಗೆ ಒಲೆ, ಹಾಸಿಗೆ, ಬಚ್ಚಲು ಎಲ್ಲವೂ ಇದ್ದವು. ಬಚ್ಚಲಿನ ವಿಷಯದಲ್ಲಿ ಮಾತ್ರ ಹಿರಿಯರಿಗೆ ಸಮಾಧಾನವಾಗಲಿಲ್ಲ. ಹಂಡೆ ತುಂಬ ನೀರು ಕಾಯಿಸಿ ಮೀಯುವ ಊರಿನವರು ಅವರು. ಇಲ್ಲಿಯ ಬಿಸಿನೀರೋ ಎರಡು ಕೊಡಪಾನದಷ್ಟು. ತಲೆಗೆ ಸಾಬೂನು ಹಚ್ಚಿ ಮುಗಿಯುವುದರೊಳಗೆ ತಣ್ಣೀರು ಬರತೊಡಗಿತು. ಅವರ ತಂದೆ ಚಂಪಾಷಷ್ಠಿಗೆ ಎತ್ತಿನ ಗಾಡಿ ಕಟ್ಟಿಕೊಂಡು ಸುಬ್ರಹ್ಮಣ್ಯಕ್ಕೆ ಹೋಗಿ, ಕುಮಾರಧಾರೆಯ ಬದಿಯಲ್ಲಿ ಗಾಡಿಯ ಅಡಿಯಲ್ಲೇ ಮಲಗುತ್ತಿದ್ದರಂತೆ. “ಅವರಿಗೆ ಈ ಕಷ್ಟವಿರಲಿಲ್ಲ, ನೋಡು. ಹೊಳೆಗೆ ಇಳಿದರೆ ಆಯಿತು” ಎಂದು ಹಿರಿಯರು ಮೈ ಒರೆಸಿಕೊಳ್ಳುತ್ತ ನಕ್ಕರು.

ಅವರ ಕುತೂಹಲವನ್ನು ಕೆರಳಿಸಿದ್ದು ವಾಹನದ ಹೊಟ್ಟೆಯಲ್ಲಿದ್ದ ಮೂರು ತೊಟ್ಟಿಗಳು. ಒಂದರಲ್ಲಿ ಬಳಸುವ ನೀರು, ಇನ್ನೊಂದರಲ್ಲಿ ಬಚ್ಚಲಿನ ಮತ್ತು ಪಾತ್ರೆ ತೊಳೆದ ನೀರು, ಮೂರನೆಯದರಲ್ಲಿ ಶೌಚದ್ದು. ಕೊನೆಯ ಎರಡನ್ನು ಕೊಳವೆಯ ಮೂಲಕ ನೆಲದೊಳಗಿನ ಕೊಳಚೆ ಮಾರ್ಗಕ್ಕೇ ಬಿಡಬೇಕು. ಪಾತ್ರೆ ತೊಳೆದ ನೀರನ್ನು ಕೂಡ ಮರದ ಬುಡಕ್ಕೆ ಚೆಲ್ಲುವಂತಿಲ್ಲ. ರಾತ್ರಿಯಾದ ಮೇಲೆ ಗದ್ದಲ ಕೂಡದೆಂಬ ನಿಯಮವೂ ಇತ್ತು. ನಮ್ಮಲ್ಲಿ ಇಂಥ ಫಲಕ ನೆಟ್ಟರೆ ಅದನ್ನು ಓದಿ ಹೇಳುವುದಕ್ಕೇ ಒಂದು ಧ್ವನಿವರ್ಧಕ ಬೇಕಾದೀತು. ಆ ರಾತ್ರಿ ಅಷ್ಟು ವಾಹನಗಳಿದ್ದೂ ಗಾಳಿಗೆ ಮರಗಳು ಉಜ್ಜಿಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ತಂದೆ ಮಗ ಇಬ್ಬರೂ ನದಿಯ ಸೇತುವೆಗೆ ನಡೆದರು. ಅದರ ಹೆಸರು ಫಿಶಿಂಗ್ ಬ್ರಿಜ್, ಅಂದರೆ ಮೀನು ಹಿಡಿಯುವ ಸೇತುವೆ. ಆದರೆ ಅಲ್ಲಿ ಒಬ್ಬನ ಕೈಯಲ್ಲಿಯೂ ಗಾಳವಿಲ್ಲ! ಮಗ ಅದರ ಚರಿತ್ರೆಯನ್ನು ತಿಳಿಸಿದನು. ಮೊದಲ ಸೇತುವೆಯಾದದ್ದು 1902ರಲ್ಲಿ, ಈಗಿನದು 1937ರದು. ಒಂದು ಕಾಲದಲ್ಲಿ ಜನ ಭುಜಕ್ಕೆ ಭುಜ ತಾಗಿಸಿ ನಿಂತು ಗಾಳ ಹಾಕುತ್ತಿದ್ದರು. ಸೇತುವೆಯ ಕೆಳಗಿನ ನೀರು ಕಟ್‌ಥ್ರೋಟ್ ಟ್ರೌಟ್ ಎಂಬ ಮೀನು ಮೊಟ್ಟೆಯಿಡುವ ಸ್ಥಳ. ಕೊರಳಡಿಯಲ್ಲಿ ಕೆಂಪು ಗೀರಿರುವ ಈ ಮೀನಿನ ಸಂತತಿ ಕುಗ್ಗಿದ್ದನ್ನು ಕಂಡು 1973ರಲ್ಲಿ ಸೇತುವೆಯಿಂದ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಹೆಸರು ಮಾತ್ರ ಉಳಿದುಕೊಂಡಿತು.

“ತೊಡಿಕಾನದ ದೇವರ ಮೀನಿನ ಹಾಗೆ” ಎಂದರು ಹಿರಿಯರು. ಸುಳ್ಯ ತಾಲ್ಲೂಕಿನ ತೊಡಿಕಾನದಲ್ಲಿ, ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥದಲ್ಲಿ ಮೀನು ಹಿಡಿಯುವವರಿಲ್ಲ. ಬಂದವರು ಅಕ್ಕಿ ಹಾಕಿ ಕೈಮುಗಿಯುತ್ತಾರೆ. ಅಲ್ಲಿ ದೇವರ ಭಯ, ಇಲ್ಲಿ ಕಾನೂನಿನ ಭಯ, ಫಲ ಒಂದೇ ಎಂದು ಮಗ ಹೇಳಿದಾಗ ಹಿರಿಯರು ತಲೆಯಾಡಿಸಲಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ನೆನಪು ಅವರಿಗೆ ಬಂದಿತ್ತು. ಅಲ್ಲಿಯ ಮೀನುಗಳೂ ದೇವರ ಮೀನುಗಳೇ. 1996ರಲ್ಲಿ ಯಾರೋ ಕಪಿಲಾ ನದಿಗೆ ವಿಷ ಹಾಕಿದ್ದರಿಂದ ಸಾವಿರಾರು ಮೀನುಗಳು ಒಮ್ಮೆಗೇ ಸತ್ತು ತೇಲಿದವು.

ಇಲ್ಲಿಯೂ ಕಾನೂನೊಂದೇ ಸಾಲಲಿಲ್ಲವೆಂಬುದು ಅನಂತರ ತಿಳಿಯಿತು. 1994ರಲ್ಲಿ ಸರೋವರದಲ್ಲಿ ಬೇರೆಡೆಯ ಲೇಕ್ ಟ್ರೌಟ್ ಎಂಬ ದೊಡ್ಡ ಮೀನು ಕಾಣಿಸಿಕೊಂಡಿತು. ಅದನ್ನು ತಂದು ಬಿಟ್ಟವರು ಮನುಷ್ಯರೇ. ಅದು ಸ್ಥಳೀಯ ಮೀನನ್ನು ತಿಂದು ಬೆಳೆಯಿತು. ಸ್ಥಳೀಯ ಮೀನು ಮೊಟ್ಟೆಯಿಡಲು ತೊರೆಗಳನ್ನು ಏರಿ ಬರುತ್ತಿದ್ದುದರಿಂದ ಕರಡಿಗೂ ಹಕ್ಕಿಗೂ ಆಹಾರವಾಗುತ್ತಿತ್ತು. ಹೊಸ ಮೀನು ಆಳದಲ್ಲೇ ಇದ್ದು ಯಾರಿಗೂ ಸಿಕ್ಕುವುದಿಲ್ಲ. ಈಗ ವರ್ಷವರ್ಷವೂ ಬಲೆ ಹಾಕಿ ಅದನ್ನು ತೆಗೆಯುತ್ತಿದ್ದಾರೆ.

ಹಿರಿಯರು ಸೇತುವೆಯ ಕಟಕಟೆ ಹಿಡಿದು ಬಹಳ ಹೊತ್ತು ನಿಂತರು. ಕೊನೆಗೆ, “ನಮ್ಮ ಹೊಳೆಯಲ್ಲಿ ಮೀನು ಕಮ್ಮಿಯಾದದ್ದು ತೋಟೆ ಹಾಕುವವರಿಂದ ಎಂದು ನಾನು ಹೇಳುತ್ತ ಬಂದೆ. ಕೊಳೆರೋಗಕ್ಕೆ ಮದ್ದು ಬಿಟ್ಟ ಮೇಲೆ ಮೈಲುತುತ್ತಿನ ಡ್ರಮ್ಮುಗಳನ್ನು ತೊಳೆದದ್ದೆಲ್ಲಿ? ನಾನೇ, ಅದೇ ಹೊಳೆಯಲ್ಲಿ. ಒಂದು ವರ್ಷವಲ್ಲ, ನಲವತ್ತು ವರ್ಷ” ಎಂದರು. ಮಗನಿಗೆ ಉತ್ತರ ಹೊಳೆಯಲಿಲ್ಲ. ಚಿಕ್ಕಂದಿನಲ್ಲಿ ಆ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋದವನು ಅವನೇ ಆಗಿದ್ದನು.

ಮೂರನೆಯ ರಾತ್ರಿ ಊಟವಾದ ಮೇಲೆ ಮಗ ಕಾಗದ ತೆಗೆದು ತೋಟದ ನಕ್ಷೆ ಬರೆದನು. ಹೊಳೆಯ ಅಂಚಿನಲ್ಲಿ ಮೂರು ಚೌಕ, ಅವು ವಾಹನಗಳು. ಸೊಸೆ ಚಹಾ ಲೋಟವನ್ನು ಮುಂದಿಡುತ್ತ, “ಮಾವ, ನಿಮ್ಮ ಮನಸ್ಸಿಗೆ ಬಂದದ್ದನ್ನೇ ಹೇಳಿ” ಎಂದಳು. ಮರ ಸತ್ತ ನೆಲವನ್ನು ಖಾಲಿ ಬಿಡುವುದು ಹೇಗೆಂಬ ಚಿಂತೆ ಹಿರಿಯರಿಗೂ ಇಲ್ಲದಿರಲಿಲ್ಲ. ಅವರು ಪೆನ್ನು ತೆಗೆದುಕೊಂಡು ಆ ಚೌಕಗಳಿಂದ ಬಹಳ ಮೇಲೆ, ಮನೆಯ ಮೆಟ್ಟಿಲಿನ ಹತ್ತಿರ, ಒಂದು ಡೊಂಕುಗೆರೆ ಎಳೆದರು.

“ಇದು ಏನಪ್ಪಾ?”

“ಆಟಿಯ ನೆರೆ ಬರುವುದು ಇಲ್ಲಿವರೆಗೆ. ನೀನು ಊರು ಬಿಟ್ಟ ಮೇಲೆ ಮರೆತಿದ್ದಿ.”

ಮಗ ಕೆಳಗಿನ ಮೂರು ಚೌಕಗಳನ್ನೂ ಹೊಡೆದುಹಾಕಿ ಗೆರೆಯ ಮೇಲಿನ ದಿಣ್ಣೆಯಲ್ಲಿ ಎರಡನ್ನು ಮಾತ್ರ ಬರೆದನು. ಅಲ್ಲಿಂದ ಹೊಳೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ ಎಂದು ಅವನ ಮುಖ ಸಪ್ಪಗಾಯಿತು.

“ಮೊದಲು ಕೊಳಚೆ ಗುಂಡಿಗೆ ಜಾಗ ತೋರಿಸು” ಎಂದು ಹಿರಿಯರು ಕಾಗದವನ್ನು ಅವನ ಕಡೆಗೆ ಸರಿಸಿದರು. “ಗಾಡಿಯ ಜಾಗ ಆಮೇಲೆ ನೋಡುವ.”