ನಾಯಿ ನೋಡುವ ಮೊದಲು ಮನೆ ನೋಡಿ

ಈಗ ನಮ್ಮ ಕಡೆ ಯಾವ ಹುಡುಗನ ಮೊಬೈಲ್ ತೆಗೆದರೂ ಅದರಲ್ಲಿ ಒಂದು ಮುಧೋಳ ನಾಯಿ ಓಡುತ್ತಿರುತ್ತದೆ. ಹಿಂದೆ ಡಿಜೆ ಹಾಡು, ಸುತ್ತ ಧೂಳು. ನೋಡಿದವರಿಗೆ ನಮ್ಮನೆಗೂ ಒಂದು ಇರಬೇಕು ಅನ್ನಿಸುವುದು ಸಹಜ. ಗುರುಗುಂಟಾದಲ್ಲಿ ಚಹಾ ಅಂಗಡಿ ಮುಂದೆ ನಿಂತರೆ ಕಿವಿಗೆ ಬೀಳುವ ಪ್ರಶ್ನೆ ಇದೇ: "ಯಾವ ಜಾತಿ ನಾಯಿ ಚಲೋ?"

ಈ ಪ್ರಶ್ನೆಗೆ ಉತ್ತರ ಇಲ್ಲ. ಎತ್ತು ತರುವಾಗ ನಾವು ಹೀಗೆ ಕೇಳುವುದಿಲ್ಲ. ಎಷ್ಟು ಎಕರೆ, ಎರೆ ಹೊಲವೋ ಮಸಾರಿಯೋ, ಮೇವು ಎಷ್ಟಿದೆ, ಹೊಡೆಯುವವನು ಯಾರು ಎಂದು ಮೊದಲು ಲೆಕ್ಕ ಹಾಕುತ್ತೇವೆ. ನಾಯಿ ವಿಷಯಕ್ಕೆ ಬಂದರೆ ಮಾತ್ರ ಫೋಟೊ ನೋಡಿ ದುಡ್ಡು ಕೊಡುತ್ತೇವೆ.

ನಮ್ಮ ಮನೆಯಲ್ಲಿ ಈ ಮಾತು ಎದ್ದದ್ದು ಅವ್ವನ ಸಲುವಾಗಿ. ಅಪ್ಪ ಹೋದ ಮೇಲೆ ಮನೆಯಲ್ಲಿ ಇರುವುದು ಅವ್ವ, ತಮ್ಮ ಇಬ್ಬರೇ. ತಮ್ಮ ಹಟ್ಟಿ ಕಡೆ ಕೆಲಸಕ್ಕೆ ಹೋಗುತ್ತಾನೆ, ಪಾಳಿ ಕೆಲಸ. ರಾತ್ರಿ ಪಾಳಿ ಇದ್ದ ವಾರ ಅವ್ವ ಒಬ್ಬಳೇ. ಮನೆ ಊರ ಅಂಚಿಗೆ, ಹಿತ್ತಲ ದಾಟಿದರೆ ಹೊಲ. ಅವ್ವನಿಗೆ ಮೊಣಕಾಲು ನೋವು, ರಾತ್ರಿ ಏನಾದರೂ ಸಪ್ಪಳ ಆದರೆ ಎದ್ದು ಹೋಗಿ ನೋಡುವ ಶಕ್ತಿ ಇಲ್ಲ. "ಒಂದು ನಾಯಿ ಇದ್ರ ಧೈರ್ಯ ಇರತೈತಿ" ಅಂದಳು. ತಮ್ಮ ಅದೇ ದಿನ ನನಗೆ ವಿಡಿಯೊ ಕಳಿಸಿದ. "ಯಕ್ಕಾ, ಮುಧೋಳ ಮರಿ. ಹದಿನಾಲ್ಕು ಸಾವಿರ ಹೇಳ್ಯಾರ. ಹೆಂಗೈತಿ?"

ಚೆನ್ನಾಗಿತ್ತು. ಮುಧೋಳ ನಾಯಿ ಚೆನ್ನಾಗಿಲ್ಲ ಎನ್ನುವವರು ಯಾರು? ಎತ್ತರ ಎರಡು ಅಡಿ ದಾಟುತ್ತದೆ, ತೂಕ ಮಾತ್ರ 25 ಕೆ.ಜಿ. ಆಚೀಚೆ. ಉದ್ದ ಮೂತಿ, ಆಳ ಎದೆ, ಒಳಗೆ ಸೇರಿದ ಹೊಟ್ಟೆ. ಬೇಡ ಸಮುದಾಯದವರು ಬೇಟೆಗೆ ಸಾಕುತ್ತಿದ್ದ ನಾಯಿ ಇದು. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಹುಡುಕಿ ಬೆಳೆಸಿದರು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆ ಚೀಟಿ ತಂದಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಭಾಷಣದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಹೆಸರು ಕೇಳದವರೇ ಇಲ್ಲ.

ನಮ್ಮ ಗುರುಗುಂಟಾವೂ ಒಂದು ಕಾಲಕ್ಕೆ ಬೇಡ ನಾಯಕರ ಸಣ್ಣ ಸಂಸ್ಥಾನ. ಹಾಗಾಗಿ "ಇದು ನಮ್ಮ ನಾಯಿ" ಎನ್ನುವ ಹೆಮ್ಮೆ ನಮ್ಮ ಹುಡುಗರಿಗೆ ಸ್ವಲ್ಪ ಜಾಸ್ತಿಯೇ ಇದೆ. ಇರಲಿ. ಆದರೆ ಹೆಮ್ಮೆಗೆ ತಂದ ನಾಯಿಯನ್ನು ದಿನಾ ಓಡಿಸುವವರು ಯಾರು ಎಂಬ ಮಾತೂ ಇದೆಯಲ್ಲ.

ಮುಧೋಳ ನಾಯಿ ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆ ಆಡುವ ನಾಯಿ. ದೂರದಲ್ಲಿ ಏನಾದರೂ ಓಡಿತೆಂದರೆ ಇದೂ ಓಡುತ್ತದೆ, ನೀವು ಕರೆದದ್ದು ಕೇಳಿಸುವುದಿಲ್ಲ. ಮೊಲ ಆದರೂ ಅಷ್ಟೆ, ಪಕ್ಕದ ಮನೆ ಬೆಕ್ಕಾದರೂ ಅಷ್ಟೆ, ಕೋಳಿ, ಮೇಕೆಮರಿ, ಸೈಕಲ್ ತುಳಿಯುವ ಹುಡುಗ ಎಲ್ಲ ಒಂದೇ. ದಿನಕ್ಕೆ ಒಂದು ಸಲವಾದರೂ ಬಯಲಲ್ಲಿ ಬಿಟ್ಟು ಜೋರಾಗಿ ಓಡಿಸಬೇಕು. ಓಡಿ ಬಂದರೆ ಉಳಿದ ಹೊತ್ತು ನೆರಳಲ್ಲಿ ಸುಮ್ಮನೆ ಮಲಗುತ್ತದೆ, ಇದ್ದದ್ದೂ ಗೊತ್ತಾಗುವುದಿಲ್ಲ. ಓಡದಿದ್ದರೆ ಸರಪಳಿ ಕಡಿಯುತ್ತದೆ, ನೆಲ ಕೆರೆಯುತ್ತದೆ, ಹತ್ತಿರ ಬಂದವರ ಮೇಲೆ ಸಿಡುಕುತ್ತದೆ.

ಇನ್ನೊಂದು ಸಂಗತಿ ವಿಡಿಯೊದಲ್ಲಿ ಕಾಣುವುದಿಲ್ಲ. ಇದು ಬಹಳ ಸೂಕ್ಷ್ಮ ನಾಯಿ. ಹೊಸಬರು ಮೈ ಮುಟ್ಟಿದರೆ ಸರಿಯುತ್ತದೆ. ಒದರಿದರೆ, ಹೊಡೆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ, ಆಮೇಲೆ ಕರೆದರೂ ಬರುವುದಿಲ್ಲ. ನನ್ನ ತಮ್ಮ ಒಳ್ಳೆಯವನೇ, ಆದರೆ ರಾತ್ರಿ ಪಾಳಿ ಮುಗಿಸಿ ಬಂದ ಬೆಳಗ್ಗೆ ಅವನ ಹತ್ತಿರ ನಾವೇ ಮಾತಾಡುವುದಿಲ್ಲ. ಆ ಹೊತ್ತಿಗೆ ಎಂಟು ತಾಸು ಕಟ್ಟಿಹಾಕಿದ ನಾಯಿ ಮೇಲೆ ಜಿಗಿದರೆ ಏನಾಗುತ್ತದೆ ಎಂದು ಅವನಿಗೂ ಗೊತ್ತು. ಅದನ್ನು ಹೇಳಿದಾಗ ಅವನು ನಕ್ಕ, ಆದರೆ ಇಲ್ಲ ಅನ್ನಲಿಲ್ಲ.

ಮತ್ತೆ ಅವ್ವನಿಗೆ ಬೇಕಾದದ್ದು ಬೊಗಳುವ ನಾಯಿ. ಮುಧೋಳ ನಾಯಿ ಬೊಗಳುವುದೇ ಕಡಿಮೆ.

ಕುರಿ ಕಾಯುವ ಕಾಕಾ ಒಬ್ಬರಿದ್ದಾರೆ ನಮಗೆ. ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗಿ, ಅಲ್ಲೇ ಕುರಿ ತರುಬಿಸಿ ಮಲಗುವವರು. ತೋಳದ ಭಯ ನಮ್ಮ ಸೀಮೆಗೆ ಹೊಸದಲ್ಲ. ಅವರನ್ನು ಕೇಳಿದೆ, ನೀವ್ಯಾಕೆ ಮುಧೋಳ ನಾಯಿ ಇಟ್ಟಿಲ್ಲ ಅಂತ.

"ಯವ್ವಾ, ಓಡೋ ನಾಯಿ ಬ್ಯಾರೆ, ನಿಲ್ಲೋ ನಾಯಿ ಬ್ಯಾರೆ" ಅಂದರು. "ತ್ವಾಳ ಬಂದಾಗ ಅದರ ಬೆನ್ನ ಹತ್ತಿ ಎರಡು ಹರದಾರಿ ಹೋದ್ರ ನನ್ನ ಕುರಿ ನೋಡೋರು ಯಾರು? ನನಗ ಹಿಂಡಿನ ಹಂತ್ಯಾಕ ನಿಂತು ಒದರೋ ನಾಯಿ ಬೇಕು."

ಅವರ ನಾಯಿಗೆ ಜಾತಿಯ ಹೆಸರಿಲ್ಲ. ದಪ್ಪ ಕುತ್ತಿಗೆ, ಕಂದು ಬಣ್ಣ, ಒಂದು ಕಿವಿ ಹರಿದಿದೆ. ಕಣ್ಣು ಬಿಟ್ಟಾಗಿನಿಂದ ಕುರಿಮರಿಗಳ ನಡುವೆಯೇ ಬೆಳೆದದ್ದು. ಬೇರೆ ಕುರಿಗಾರರು ಎರಡೂ ತರಹದ ನಾಯಿ ಇಟ್ಟಿರುವುದನ್ನು ನಾನು ನೋಡಿದ್ದೇನೆ, ಅವರಿಗೆ ಅದು ಹೊಂದಿಕೊಂಡಿದೆ. ಆದರೆ ಅವರ ನಾಯಿ ದಿನಕ್ಕೆ ಹತ್ತಾರು ಕಿಲೋಮೀಟರ್ ನಡೆಯುತ್ತದೆ ಎನ್ನುವುದನ್ನು ಮರೆಯಬಾರದು.

ತಪ್ಪು ಮನೆ ಸೇರಿದ ನಾಯಿಯ ಗತಿ ಏನೆಂದು ಹತ್ತಿರದ ಒಂದು ಊರಿನಲ್ಲಿ ನೋಡಿದೆ. ಕಿರಾಣಿ ಅಂಗಡಿ ಪಕ್ಕದ ಸಂದಿಯಲ್ಲಿ ಒಂದು ಮುಧೋಳ ಗಂಡು ನಾಯಿ. ನಾಲ್ಕು ಅಡಿ ಸರಪಳಿ, ಮೇಲೆ ತಗಡು. ಸರಪಳಿ ಮುಟ್ಟುವಷ್ಟು ದೂರಕ್ಕೆ ನೆಲ ಬಟ್ಟಲಿನ ಹಾಗೆ ಸವೆದಿತ್ತು. ತಂದ ಹುಡುಗ ಬೆಂಗಳೂರಿಗೆ ದುಡಿಯಲು ಹೋಗಿದ್ದ. ಒಂದು ದಿನ ಪಕ್ಕದ ಮನೆ ಮಗು ಬಿಸ್ಕೀಟು ಹಿಡಿದುಕೊಂಡು ಹತ್ತಿರ ಹೋಯಿತು, ನಾಯಿ ಕೈಗೆ ಬಾಯಿ ಹಾಕಿತು. ಮಗುವಿಗೆ ಸೂಜಿ ಹಾಕಿಸಿದರು, ಗಾಯ ಮಾಯಿತು. ನಾಯಿಯನ್ನು ಟಂಟಂನಲ್ಲಿ ಹಾಕಿಕೊಂಡು ಎಲ್ಲೋ ದೂರ ಬಿಟ್ಟು ಬಂದರಂತೆ. ತೆಳು ಚರ್ಮ, ಮೈಮೇಲೆ ಕೊಬ್ಬಿಲ್ಲ, ಬೀದಿ ನಾಯಿಗಳ ಜೊತೆ ಬಡಿದಾಡಿ ಅಭ್ಯಾಸವಿಲ್ಲ. ಎಷ್ಟು ದಿನ ಬದುಕಿರಬಹುದು, ನೀವೇ ಲೆಕ್ಕ ಹಾಕಿ.

ಈ ಮಾತಿಗೆ ಸೇರಿಸಿ ಒಂದು ಹೇಳಿಬಿಡುತ್ತೇನೆ. ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದರ ವಿಡಿಯೊ ಮಾಡಿ ಸ್ಟೇಟಸ್ ಹಾಕುವುದು ಅರಣ್ಯ ಇಲಾಖೆಯವರಿಗೆ ಸಾಕ್ಷಿಯನ್ನು ನಾವೇ ಕಳಿಸಿಕೊಟ್ಟ ಹಾಗೆ. ತಮ್ಮನ ಗೆಳೆಯರಲ್ಲಿ ಇಬ್ಬರಿಗೆ ಮುಧೋಳ ಬೇಕಾಗಿದ್ದದ್ದೇ ಅದಕ್ಕೆ.

ಹಾಗಾದರೆ ಮುಧೋಳ ಯಾರಿಗೆ? ಬೇಲಿ ಇರುವ ದಾಳಿಂಬೆ ತೋಟ ಇದೆ, ಮನೆಯಲ್ಲಿ ಪೊಲೀಸ್ ಭರ್ತಿಗೋ ಸೇನೆ ಭರ್ತಿಗೋ ನಸುಕಿನಲ್ಲಿ ಎದ್ದು ಓಡುವ ಹುಡುಗ ಇದ್ದಾನೆ, ಮಾತಿನಲ್ಲಿ ಸಮಾಧಾನ ಇದೆ, ಕೋಳಿ ಸಾಕಿಲ್ಲ. ಅಂಥ ಮನೆಗೆ ಇದಕ್ಕಿಂತ ಒಳ್ಳೆಯ ನಾಯಿ ಸಿಗಲಿಕ್ಕಿಲ್ಲ. ನಮ್ಮ ಬಿಸಿಲನ್ನು ತಡೆಯುತ್ತದೆ. ಜೋಳದ ರೊಟ್ಟಿ, ಹಾಲು, ಮೊಟ್ಟೆ ತಿಂದು ಇರುತ್ತದೆ. ಚಳಿಗಾಲದಲ್ಲಿ ಮಾತ್ರ ಒಂದು ಗೋಣಿಚೀಲ ಹಾಸಬೇಕು. ತರುವುದಾದರೆ ವಿಡಿಯೊ ನೋಡಿ ದುಡ್ಡು ಕಳಿಸಬೇಡಿ. ಹೋಗಿ ತಾಯಿ ನಾಯಿಯನ್ನು ನೋಡಿ. ತಾಯಿ ಅಂಜುಬುರುಕಿಯಾಗಿದ್ದರೆ, ಸಿಡುಕಿಯಾಗಿದ್ದರೆ ಮರಿಯೂ ಹಾಗೆ ಆಗುವ ಸಂಭವ ಹೆಚ್ಚು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬೇಡಿ.

ಉಳಿದ ಜಾತಿಗಳ ವಿಷಯ ನಮ್ಮ ಮನೆಯಲ್ಲಿ ಬೇಗ ಮುಗಿಯಿತು. 2022ರಲ್ಲಿ "777 ಚಾರ್ಲಿ" ಸಿನಿಮಾ ನೋಡಿದಾಗಿನಿಂದ ತಂಗಿಯ ಮಗಳಿಗೆ ಲ್ಯಾಬ್ರಡಾರ್ ಬೇಕು. ಮನುಷ್ಯರಿಗೆ ಅಂಟಿಕೊಳ್ಳುವ, ಮಕ್ಕಳ ಜೊತೆ ಆಡುವ ನಾಯಿ, ಅನುಮಾನ ಇಲ್ಲ. ಆದರೆ ಅದರ ಮೂಲ ಕೆನಡಾದ ತಣ್ಣೀರಿನ ಕಡಲತೀರ. ಮೈಮೇಲೆ ಎರಡು ಪದರ ಕೂದಲು. ನಾಯಿ ನಮ್ಮ ಹಾಗೆ ಮೈ ತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ 40 ಡಿಗ್ರಿ ದಾಟುತ್ತದೆ, ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ. ಜರ್ಮನ್ ಶೆಫರ್ಡ್‌ಗೂ ಇದೇ ಕಷ್ಟ. ಹಿಂದೆ ಹಚ್ ಮೊಬೈಲ್ ಜಾಹೀರಾತಿನಲ್ಲಿ ಬರುತ್ತಿದ್ದ ಪಗ್‌ಗೆ ಇನ್ನೂ ಕಷ್ಟ, ಮೂತಿ ಚಪ್ಪಟೆ, ತಂಪು ಹೊತ್ತಿನಲ್ಲೇ ಉಸಿರಾಡಲು ಒದ್ದಾಡುತ್ತದೆ.

ರಾಟ್‌ವೀಲರ್, ಪಿಟ್‌ಬುಲ್ ಕೇಳುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 23 ತಳಿಗಳಿಗೆ ತಡೆ ಹಾಕಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೋರ್ಟು ರದ್ದು ಮಾಡಿತು ಅಂದಮಾತ್ರಕ್ಕೆ ಬಾಗಿಲಿಲ್ಲದ ಓಣಿಯಲ್ಲಿ ಮಕ್ಕಳ ನಡುವೆ ಅದನ್ನು ಕಟ್ಟಬಹುದು ಅಂತಲ್ಲ.

ಕೊನೆಗೆ ನಾವು ತಂದದ್ದು ಓಣಿಯಲ್ಲೇ ಹುಟ್ಟಿದ ನಾಡ ನಾಯಿ ಮರಿ. ಅದೂ ಹೆಣ್ಣು.

ಆ ಬಾಣಂತಿ ನಾಯಿ ಐದು ಮರಿ ಹಾಕಿತ್ತು. ಎರಡು ಗಂಡು ಮರಿಗಳನ್ನು ಜನ ಕಣ್ಣು ಬಿಡುವ ಮೊದಲೇ "ಇದು ನಂದು" ಅಂತ ಹೇಳಿಟ್ಟಿದ್ದರು. ಹೆಣ್ಣು ಮರಿ ಕೇಳಿದವರು ಯಾರೂ ಇಲ್ಲ. ಮೈಲಾರಲಿಂಗನ ಗೊರವಯ್ಯ ಮನೆ ಬಾಗಿಲಿಗೆ ಬಂದು ನಾಯಿಯ ಹಾಗೆ ಬೊಗಳಿದರೆ ಕೈಮುಗಿಯುವ ಊರು ನಮ್ಮದು. ಅದೇ ಊರಿನಲ್ಲಿ ಹೆಣ್ಣು ಮರಿಗಳನ್ನು ಚೀಲದಲ್ಲಿ ತುಂಬಿ ಹಳ್ಳದ ಕಡೆ ಒಯ್ಯುತ್ತಾರೆ. ಬೈಯುವುದು ಸುಲಭ, ಆದರೆ ಅವರ ಕಷ್ಟವೂ ಇದೆ. ವರ್ಷಕ್ಕೆ ಎರಡು ಸಲ ಮರಿ, ಬೆದೆಗೆ ಬಂದಾಗ ಬಾಗಿಲಲ್ಲಿ ಹತ್ತು ಗಂಡು ನಾಯಿ. ಇದಕ್ಕೆ ದಾರಿ ಶಸ್ತ್ರಚಿಕಿತ್ಸೆ. ಪಶುವೈದ್ಯರನ್ನು ಕೇಳಿ ದಿನ ಗೊತ್ತು ಮಾಡಿಕೊಂಡರೆ ಒಂದೇ ಸಲಕ್ಕೆ ಮುಗಿಯುತ್ತದೆ. ಹೆಣ್ಣು ನಾಯಿ ಊರು ಸುತ್ತುವುದು ಕಡಿಮೆ, ಮನೆ ಹಿಡಿದು ಇರುತ್ತದೆ. ಅವ್ವನಿಗೆ ಬೇಕಾದದ್ದೂ ಅದೇ.

ತಮ್ಮ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. "ಬೀದಿ ನಾಯಿಗೆ ಸೂಜಿ ಯಾಕ" ಅಂದ. ಸೂಜಿ ಜಾತಿ ನೋಡಿ ಹಾಕಿಸುವುದಲ್ಲ. ಆರರಿಂದ ಎಂಟು ವಾರಕ್ಕೆ ಪಾರ್ವೊ ಮತ್ತಿತರ ರೋಗಗಳ ಮೊದಲ ಲಸಿಕೆ, ಮೂರ್ನಾಲ್ಕು ವಾರ ಬಿಟ್ಟು ಮತ್ತೆ. ಜಂತಿಗೆ ಔಷಧ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೊಂದು, ನಂತರ ವರ್ಷ ವರ್ಷ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಹೊತ್ತಿಗೆ ಬಹಳ ಕಡೆ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿ ನೋಡಿ. ಯಾವ ನಾಯಿಯೇ ಕಚ್ಚಲಿ, ಸಾಕಿದ್ದೇ ಆಗಲಿ, ಗಾಯಕ್ಕೆ ಖಾರಪುಡಿ, ಸುಣ್ಣ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವ ಔಷಧವಿಲ್ಲ.

ಮರಿ ಬಂದ ಮೊದಲ ತಿಂಗಳು ಅವ್ವ ಒಂದು ಕೆಲಸ ಮಾಡಿದಳು, ಯಾರೂ ಹೇಳಿಕೊಟ್ಟದ್ದಲ್ಲ. ಮನೆಗೆ ಬಂದವರೆಲ್ಲರ ಕೈಯಿಂದ ಅದಕ್ಕೆ ಒಂದು ಚೂರು ರೊಟ್ಟಿ ಹಾಕಿಸಿದಳು. ಹಾಲಿನವನು, ಓಣಿಯ ಹುಡುಗರು, ಆಶಾ ಕಾರ್ಯಕರ್ತೆ, ಎಲ್ಲರೂ. ಮೂರು ತಿಂಗಳ ಒಳಗೆ ಮರಿ ಎಷ್ಟು ಜನರನ್ನು, ಎಷ್ಟು ಸಪ್ಪಳಗಳನ್ನು ಕಂಡಿರುತ್ತದೋ ದೊಡ್ಡದಾದ ಮೇಲೆ ಅಷ್ಟು ಸಮಾಧಾನದಿಂದ ಇರುತ್ತದೆ. ಉಳ್ಳಾಗಡ್ಡಿ ಹಾಕಿದ ಪಲ್ಯ, ಬೇಯಿಸಿದ ಕೋಳಿ ಎಲುಬು ಕೊಡಬೇಡ ಅಂತ ನಾನು ಹೇಳಿದ್ದೆ. ಉಳ್ಳಾಗಡ್ಡಿ ನಾಯಿಯ ರಕ್ತಕ್ಕೆ ವಿಷ, ಬೆಂದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಈಗ ಅದಕ್ಕೆ ಏಳು ತಿಂಗಳು. ಹೆಸರು ಕೆಂಪಿ. ರಾತ್ರಿ ಪಾಳಿ ಇದ್ದ ವಾರ ಅವ್ವನ ಮಂಚದ ಕೆಳಗೆ ಮಲಗುತ್ತದೆ. ಹಿತ್ತಲಲ್ಲಿ ಹೆಗ್ಗಣ ಓಡಿದರೂ ಬೊಗಳುತ್ತದೆ, ಅದೇ ಸ್ವಲ್ಪ ಜಾಸ್ತಿಯಾಯಿತು ಅಂತ ಪಕ್ಕದ ಮನೆಯವರ ದೂರು. ಅವ್ವ ಈಗ ಎದ್ದು ನೋಡುವುದಿಲ್ಲ, ಬೊಗಳುವ ರೀತಿಯಲ್ಲೇ ಬಂದವರು ಪರಿಚಯದವರೋ ಅಲ್ಲವೋ ಗೊತ್ತಾಗುತ್ತದಂತೆ. ಉಣ್ಣಿ ಕಾಟ ಇದೆ, ಔಷಧ ಹಾಕಬೇಕು. ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳು ಕರೆದುಕೊಂಡು ಬನ್ನಿ ಅಂದಿದ್ದಾರೆ, ತಮ್ಮ ಹಗಲು ಪಾಳಿಯ ವಾರ ನೋಡಿಕೊಂಡು ರಜೆ ಕೇಳಿದ್ದಾನೆ. ಅವನ ಮೊಬೈಲಿನಲ್ಲಿ ಮುಧೋಳ ನಾಯಿಗಳು ಇನ್ನೂ ಓಡುತ್ತಿವೆ. "ಹೊಲಕ್ಕ ಬೇಲಿ ಹಾಕಿಸಿದ ಮ್ಯಾಲೆ ನೋಡೂಣು" ಅನ್ನುತ್ತಾನೆ.