ಸಿಡ್ಕೊ ಪ್ಲಾಟಿನ ಇಗರ್ಜಿ

ಠಾಣೆಗೆ ಕ್ರೈಸ್ತ ಇತಿಹಾಸ ಬೇಕಾದಷ್ಟಿದೆ. ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು 1321ರಲ್ಲಿ ಅಲ್ಲಿ ಹುತಾತ್ಮರಾದರು; ಪೋರ್ಚುಗೀಸರ ಕಾಲದ ಸೇಂಟ್ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿ ಈಗಲೂ ಇದೆ. ಖಾಡಿ ದಾಟಿ ನವಿ ಮುಂಬಯಿಯ ವಾಶಿಗೆ ಬನ್ನಿ, ಪುರಾಣ ಮುಗಿಯಿತು. ಈ ಊರನ್ನು ಕಟ್ಟಿದ ಸರಕಾರಿ ಸಂಸ್ಥೆ ಸಿಡ್ಕೊ ಹುಟ್ಟಿದ್ದೇ 1970ರಲ್ಲಿ. ಇಲ್ಲಿ ಮೊದಲು ಸೆಕ್ಟರ್ ನಂಬರು, ಆಮೇಲೆ ಪ್ಲಾಟು, ಕೊನೆಗೆ ಪಾಲಕ ಸಂತರು. ನನಗೇನೋ ಈ ಕಾಂಕ್ರೀಟು, ಟ್ಯೂಬ್‌ಲೈಟಿನ ಇಗರ್ಜಿಗಳೇ ಇಷ್ಟ. ಭಕ್ತರು ಕಟ್ಟಡ ನೋಡಲು ಬರುವುದಿಲ್ಲವಲ್ಲ!

ಆಡಳಿತ ಮಾತ್ರ ಸ್ವಾರಸ್ಯದ್ದು. ಕೇರಳ ಮೂಲದ ಸಿರೋ-ಮಲಬಾರ್ ಸಭೆಯವರಿಗಾಗಿ 1988ರಲ್ಲಿ ಕಲ್ಯಾಣ ಧರ್ಮಪ್ರಾಂತ್ಯ ಆಯಿತು. ಹಾಗಾಗಿ ಡೊಂಬಿವಲಿಯ ಒಂದೇ ಬಿಲ್ಡಿಂಗಿನಲ್ಲಿ ಎರಡನೇ ಮಹಡಿಯ ಮಂಗಳೂರಿನವರು ಮುಂಬಯಿ ಆರ್ಚ್‌ಬಿಷಪ್ಪರ ಲೆಕ್ಕ, ಮೂರನೇ ಮಹಡಿಯ ತ್ರಿಶೂರಿನವರು ಕಲ್ಯಾಣದ ಲೆಕ್ಕ. ಲಿಫ್ಟ್ ಒಂದೇ.

ನಮ್ಮ ಕರಾವಳಿಯವರನ್ನು ನೋಡಬೇಕಾದರೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಹೋಗಬೇಕು. ಕೊಂಕಣಿ ಹಾಡು, ಕೈಯಲ್ಲಿ ಕನ್ನಡ ಲಿಪಿಯ ಹಾಳೆ. ಪಕ್ಕದ ಗೋವಾದವರು ಅದನ್ನೇ ರೋಮನ್ ಲಿಪಿಯಲ್ಲಿ ಓದುತ್ತಾರೆ. ಮಕ್ಕಳು ಮರಿಯಮ್ಮನಿಗೆ ಹೂ ಹಾಕುತ್ತಾರೆ, ಪಾದ್ರಿಗಳು ಹೊಸ ಭತ್ತದ ತೆನೆ ಆಶೀರ್ವದಿಸುತ್ತಾರೆ. ಮನೆಗೆ ಹೋಗಿ ಅದರ ನಾಲ್ಕು ಕಾಳು ಹಾಲಿಗೋ ಪಾಯಸಕ್ಕೋ ಬಿದ್ದರೆ ಹೊಸತು ಊಟ. ತೆನೆ ಎಲ್ಲಿಯದು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು. ಈ ಸೆಕ್ಟರ್‌ಗಳಲ್ಲಿ ಎಷ್ಟೋ ನೆಲ ಆಗ್ರಿ ಸಮುದಾಯದ ರೈತರ ಭತ್ತದ ಗದ್ದೆಯೇ ಆಗಿತ್ತು.